ಅಮ್ಮನ ಕಬಡ್ಡಿ ಪಂಚಾಂಗ

ನಮ್ಮ ಮನೆಗೆ ವರ್ಷಕ್ಕೆ ಎರಡು ಪಂಚಾಂಗ. ಒಂದು, ಯುಗಾದಿಗೆ ಮುಂಚೆ ಅಪ್ಪ ಗಾಂಧಿಬಜಾರಿನಿಂದ ತರೋದು. ಇನ್ನೊಂದು, ಪ್ರೊ ಕಬಡ್ಡಿ ಸೀಸನ್ ಶುರುವಾಗೋಕೆ ಮುಂಚೆ ಅಮ್ಮ ತಾನೇ ಕೂತು ಬರೆಯೋದು. ಮೊದಲನೆಯದರಲ್ಲಿ ಈ ವರ್ಷ ಮಳೆ ಎಷ್ಟು ಕೊಳಗ ಅಂತ ಇರುತ್ತೆ. ಎರಡನೆಯದರಲ್ಲಿ ಬೆಂಗಳೂರು ಬುಲ್ಸ್‌ಗೆ ಎಷ್ಟನೇ ಸ್ಥಾನ ಅಂತ ಇರುತ್ತೆ. ನನ್ನ ಅನುಭವದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ತಪ್ಪುತ್ತವೆ.

ಪುಸ್ತಕದ ಕಥೆ ಮೊದಲು ಹೇಳಿಬಿಡ್ತೀನಿ. ಅದು ನನ್ನ ಇಂಜಿನಿಯರಿಂಗ್ ಕಾಲದ ಲಾಂಗ್ ನೋಟ್‌ಬುಕ್. ಮೊದಲ ಮೂವತ್ತು ಪುಟ ಕಂಟ್ರೋಲ್ ಸಿಸ್ಟಮ್ಸ್. ಆಮೇಲೆ ನನಗೆ ಬೇಜಾರಾಗಿ ಬಿಟ್ಟುಬಿಟ್ಟಿದ್ದೆ. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅಮ್ಮ ಖಾಲಿ ಪುಟ ಹುಡುಕಿಕೊಂಡು ಹೊರಟವಳು ಅದನ್ನೇ ಎತ್ತಿಕೊಂಡಳು. ಹಾಗಾಗಿ ಇವತ್ತಿಗೂ ಆ ಪುಸ್ತಕದಲ್ಲಿ ನೈಕ್ವಿಸ್ಟ್ ಪ್ಲಾಟ್ ಮುಗಿದ ಮರುಪುಟದಲ್ಲೇ ‘ಬುಲ್ಸ್ – 2, ಮುಂಬೈ – 1, ಜೈಪುರ – 5’ ಅಂತ ಅಮ್ಮನ ದುಂಡು ಅಕ್ಷರ ಇದೆ. ಆ ಸಲ ಗೆದ್ದಿದ್ದು ಜೈಪುರ. ಅಮ್ಮ ಆ 5ನ್ನು ಅಳಿಸಲಿಲ್ಲ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 1 ಅಂತ ಬರೆದಳು. ಅದೇ ರೂಢಿಯಾಯಿತು. ಭವಿಷ್ಯ ನೀಲಿ, ನಡೆದದ್ದು ಕೆಂಪು. ಅಳಿಸೋ ಹಾಗಿಲ್ಲ, ವೈಟ್ನರ್ ಹಚ್ಚೋ ಹಾಗಿಲ್ಲ.

ನಮ್ಮ ಮನೆ ಇರೋದು ಹನುಮಂತನಗರದಲ್ಲಿ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಕೆಳಗಿನ ಒಂದು ಕ್ರಾಸ್‌ನಲ್ಲಿ. ಸಂಜೆ ಮಂಗಳಾರತಿ ಗಂಟೆ ಮುಗಿದ ಮೇಲೆ ಬೀದಿಯ ಎಲ್ಲಾ ಮನೆಗಳಲ್ಲೂ ಧಾರಾವಾಹಿ ಶುರು. ನಮ್ಮನೆಯಲ್ಲಿ ಮಾತ್ರ ಸೀಸನ್ ಇದ್ದಾಗ ಕಬಡ್ಡಿ. ಅಮ್ಮ ಟಿ.ವಿ. ಮುಂದೆ ಕಾಲು ಚಾಚಿ, ಮಡಿಲಲ್ಲಿ ಹುರುಳೀಕಾಯಿ ಇಟ್ಟುಕೊಂಡು ಕೂತರೆ ನಲವತ್ತು ನಿಮಿಷದ ಆಟ ಮುಗಿಯೋವರೆಗೂ ಏಳೋದಿಲ್ಲ. ಸೂಪರ್ ಟ್ಯಾಕಲ್ ಆದಾಗ ಅವಳು ಹಾಕೋ ಕೂಗಿಗೆ ಮೇಲಿನ ಮನೆ ಆಂಟಿ ಮೊದಮೊದಲು ಗಾಬರಿಯಾಗಿ ಇಳಿದು ಬರ್ತಿದ್ರು. ಈಗ ಅಲ್ಲಿಂದಲೇ "ಯಾರು ಲೀಡು?" ಅಂತ ಕೇಳ್ತಾರೆ.

ನನ್ನ ಹೊಟ್ಟೆಪಾಡು ಕೂಡ ಭವಿಷ್ಯ ಹೇಳೋದೇ. ಒಂದು ಕಂಪನಿಯಲ್ಲಿ ಡಿಮ್ಯಾಂಡ್ ಪ್ಲ್ಯಾನಿಂಗ್ ಟೀಮ್ ಲೀಡ್ ಮಾಡ್ತೀನಿ. ಮುಂದಿನ ಮೂರು ತಿಂಗಳಲ್ಲಿ ಯಾವ ಊರಿನಲ್ಲಿ ಯಾವ ಸಾಮಾನು ಎಷ್ಟು ಹೋಗುತ್ತೆ ಅಂತ ಅಂದಾಜು ಮಾಡೋ ಕೆಲಸ. ಹಾಗಾಗಿ ಅಮ್ಮನ ಪುಸ್ತಕದ ಬಗ್ಗೆ ನನಗೆ ವೃತ್ತಿಪರ ಕುತೂಹಲ, ಸ್ವಲ್ಪ ವೃತ್ತಿಪರ ಅಸಡ್ಡೆ ಎರಡೂ ಇದ್ದವು. "ನಿನ್ನ ಮೆಥಡ್ ಏನಮ್ಮ?" ಅಂತ ಒಂದು ಸಲ ಕೇಳಿದೆ. ಅಮ್ಮನಿಗೆ ಮೆಥಡ್ ಇತ್ತು. ಕೇಳಿ ಸುಸ್ತಾದೆ.

"ಮೊದ್ಲು ರೈಡರ್ ನೋಡ್ಬಾರ್ದು ಕಣೇ," ಅಂದಳು. "ಎಲ್ಲಾರೂ ಅದೇ ತಪ್ಪು ಮಾಡೋದು. ಹರಾಜಲ್ಲಿ ಕೋಟಿ ಕೊಟ್ಟು ಯಾರನ್ನ ತಗೊಂಡ್ರು ಅಂತ ಪೇಪರಲ್ಲಿ ಬರುತ್ತೆ, ಆ ಟೀಮ್ ಗೆಲ್ಲುತ್ತೆ ಅಂತಾರೆ. ಎರಡು ಕಾರ್ನರ್ ಯಾರು ನೋಡು. ಎಡಗಡೆಯೋನೂ ಬಲಗಡೆಯೋನೂ ಹೋದ ವರ್ಷನೂ ಒಟ್ಟಿಗೆ ಆಡಿದ್ರಾ ನೋಡು. ಹಿಡಿಯೋದು ಒಬ್ಬನ ಕೆಲ್ಸ ಅಲ್ಲ. ಒಬ್ಬ ಕಾಲು ಹಿಡೀಬೇಕು ಅಂದ್ರೆ ಪಕ್ಕದೋನು ಆ ಕ್ಷಣಕ್ಕೇ ಬಂದು ಮುಚ್ಕೋಬೇಕು. ಅದು ದುಡ್ಡು ಕೊಟ್ರೆ ಬರಲ್ಲ, ಒಟ್ಟಿಗೆ ಆಡಿದ್ರೆ ಬರುತ್ತೆ."

ಎರಡನೆಯದು, ಮೇನ್ ರೈಡರ್ ಔಟಾಗಿ ಹೊರಗೆ ಕೂತಾಗ ದಾಳಿಗೆ ಹೋಗೋರು ಯಾರು ಅನ್ನೋದು. ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ. ಪಾಯಿಂಟ್ ತರದೆ ಬಂದರೆ ಹೋದವನೇ ಔಟು. ಆ ಮೂರನೇ ರೈಡಿಗೆ ಗಟ್ಟಿ ಹುಡುಗ ಇದ್ದಾನಾ? ಮೂರನೆಯದು, ಕೋಚ್ ಯಾರು. ನಾಲ್ಕನೆಯದು ನನಗೆ ನಿಜಕ್ಕೂ ಇಷ್ಟವಾದದ್ದು: ಸೋಲೋವಾಗ ಎಷ್ಟರಲ್ಲಿ ಸೋಲ್ತಾರೆ. ಹನ್ನೊಂದನೇ ಸೀಸನ್ ತನಕ ಗೆದ್ದರೆ 5 ಪಾಯಿಂಟ್, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ 1 ಸಿಗ್ತಿತ್ತು. "ಚೆನ್ನಾಗಿ ಸೋಲೋದು ಗೊತ್ತಿರೋ ಟೀಮು ಪ್ಲೇ-ಆಫ್‌ಗೆ ಹೋಗುತ್ತೆ" ಅನ್ನೋದು ಅಮ್ಮನ ಸಿದ್ಧಾಂತ. ನಮ್ಮ ಆಫೀಸಿನ ಪ್ರೆಸೆಂಟೇಷನ್‌ಗಳಲ್ಲಿ ಇಷ್ಟು ಅರ್ಥ ಇರೋ ಸಾಲು ನಾನು ಕಂಡಿದ್ದು ಕಮ್ಮಿ.

ಇಷ್ಟೆಲ್ಲಾ ಇದ್ದೂ ತಪ್ಪುತ್ತಲ್ಲ, ಯಾಕೆ?

ಕೆಂಪು ಅಕ್ಷರಗಳನ್ನ ನೋಡ್ತಾ ಹೋದರೆ ಅದಕ್ಕೆ ಉತ್ತರ ಇದೆ. ಆರನೇ ಸೀಸನ್ ತಗೊಳ್ಳಿ. 2018ರಲ್ಲಿ ಬುಲ್ಸ್‌ಗೆ ಅಮ್ಮ ಕೊಟ್ಟಿದ್ದು ಏಳನೇ ಸ್ಥಾನ. ಆಗ ಅವಳಿಗಿದ್ದ ಭರವಸೆಯೆಲ್ಲ ನಾಯಕ ರೋಹಿತ್ ಕುಮಾರ್ ಮೇಲೆ. ಪವನ್ ಸೆಹ್ರಾವತ್ ಅನ್ನೋ ಹುಡುಗನ ಹೆಸರು ಪುಸ್ತಕದಲ್ಲಿ ಇರಲೇ ಇಲ್ಲ. ಅವನು ಮೊದಲು ಬುಲ್ಸ್‌ನಲ್ಲೇ ಇದ್ದವನು. ಐದನೇ ಸೀಸನ್‌ಗೆ ಗುಜರಾತಿಗೆ ಹೋಗಿದ್ದ. ಅಲ್ಲಿ ಅವನಿಗೆ ಆಡೋಕೆ ಅವಕಾಶವೇ ಸರಿಯಾಗಿ ಸಿಗಲಿಲ್ಲ, ಹೆಚ್ಚಾಗಿ ಹೊರಗೇ ಕೂತಿದ್ದ. ಆರನೇ ಸೀಸನ್‌ಗೆ ಬುಲ್ಸ್ ಅವನನ್ನ ವಾಪಸ್ ಕರೆಸಿ ಮ್ಯಾಟ್ ಮೇಲೆ ಬಿಟ್ಟಿತು. ಆ ಸೀಸನ್ ಒಂದರಲ್ಲೇ ಅವನು ತಂದ ರೈಡ್ ಪಾಯಿಂಟು 271! 2019ರ ಜನವರಿ 5ಕ್ಕೆ ಮುಂಬೈಯಲ್ಲಿ ಫೈನಲ್. ಎದುರಾಳಿ ಯಾರು ಅಂದ್ರೆ ಅದೇ ಗುಜರಾತ್. ಅರ್ಧ ಆಟಕ್ಕೆ ಬುಲ್ಸ್ 9–16 ಹಿಂದೆ. ಅಪ್ಪ "ಮುಗೀತು ಬಿಡು" ಅಂತ ಎದ್ದು ಊಟಕ್ಕೆ ತಟ್ಟೆ ಹಾಕಿಕೊಂಡರು. ಕೊನೆಗೆ 38–33. ಪವನ್ ಒಬ್ಬನೇ 22 ಪಾಯಿಂಟ್. ಗುಜರಾತಿನ ಬೆಂಚಿನ ಮೇಲೆ ಕೂತಿದ್ದವನೇ ಗುಜರಾತಿನ ಕೈಯಿಂದ ಕಪ್ ಕಿತ್ತುಕೊಂಡ.

ಇನ್ನೊಂದು ವಿಷಯ. ಆ ಸೀಸನ್‌ನಲ್ಲಿ ಬುಲ್ಸ್ ತನ್ನ ‘ಹೋಮ್’ ಮ್ಯಾಚುಗಳನ್ನ ಆಡಿದ್ದು ಪುಣೆಯಲ್ಲಿ. ಬೆಂಗಳೂರಿಗೆ ಕಪ್ ತಂದುಕೊಟ್ಟ ತಂಡಕ್ಕೆ ಆ ವರ್ಷ ಬೆಂಗಳೂರಲ್ಲಿ ಆಡೋ ಯೋಗ ಇರಲಿಲ್ಲ. ಅದಾಗಿ ಮೂರು ವರ್ಷಕ್ಕೆ ಕೊರೊನಾ ಸೀಸನ್. ಇಡೀ ಎಂಟನೇ ಸೀಸನ್ ನಮ್ಮ ವೈಟ್‌ಫೀಲ್ಡಿನ ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ. ನಮ್ಮೂರಲ್ಲೇ ಆಟ, ಆದ್ರೂ ನಮಗೆ ಟಿ.ವಿ.ಯಲ್ಲೇ ದರ್ಶನ. ಬುಲ್ಸ್ ಅಭಿಮಾನಿ ಆಗೋದು ಅಂದ್ರೆ ಇದು.

ಆಮೇಲೆ ಎಲ್ಲರೂ ಬುದ್ಧಿ ಕಲಿತರು. ಪವನ್ ಇದ್ದ ಟೀಮೇ ಗೆಲ್ಲೋದು ಅಂತ ನಿರ್ಧಾರವಾಯಿತು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವನಿಗೆ 2.26 ಕೋಟಿ ಕೊಟ್ಟಿತು. ಅಮ್ಮ ಬೇಜಾರಿಂದಲೇ ತಲೈವಾಸ್‌ಗೆ 1 ಹಾಕಿದಳು. ಆ ಸಲ ಸೀಸನ್ ಶುರುವಾಗಿದ್ದು ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ. ಅಮ್ಮನನ್ನ ಕರೆದುಕೊಂಡು ಹೋಗಿದ್ದೆ. ತಲೈವಾಸ್‌ನ ಮೊದಲನೇ ಮ್ಯಾಚಿನಲ್ಲೇ, ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಪವನ್ ಮಂಡಿ ಹಿಡಿದುಕೊಂಡು ಬಿದ್ದ. ಇಡೀ ಕಂಠೀರವ ಸುಮ್ಮನಾಯಿತು. ಅವನು ಯಾವ ಟೀಮಿಗೆ ಹೋದರೇನು, ನಮ್ಮ ಹುಡುಗನೇ ಅಲ್ವಾ. ಸೀಸನ್ ಪೂರ್ತಿ ಅವನು ಆಡಲಿಲ್ಲ. ಇನ್ನು ತಲೈವಾಸ್ ಕಥೆ ಮುಗೀತು ಅಂತ ನಾವೆಲ್ಲ ಅಂದುಕೊಂಡರೆ, ನರೇಂದರ್ ಅನ್ನೋ ಹೊಸ ಹುಡುಗ ರೈಡಿಗೆ ನಿಂತ. ಆ ತಂಡ ಮೊದಲ ಸಲ ಸೆಮಿಫೈನಲ್ ತಲುಪಿತು. ಮರುವರ್ಷ ಪವನ್‌ಗೆ ಇನ್ನೂ ಹೆಚ್ಚು, 2.605 ಕೋಟಿ ಕೊಟ್ಟಿದ್ದು ತೆಲುಗು ಟೈಟಾನ್ಸ್. ಮಂಡಿ ಸರಿಹೋಗಿತ್ತು, ಚೆನ್ನಾಗಿಯೇ ಆಡಿದ. ತಂಡ ಮಾತ್ರ 22 ಮ್ಯಾಚಿನಲ್ಲಿ ಎರಡು ಗೆದ್ದು ಕಟ್ಟಕಡೆಗೆ ಬಂತು.

ಅಮ್ಮ ಎಲ್ಲವನ್ನೂ ಬಲ್ಲವಳು ಅಂತ ನಾನು ಹೇಳ್ತಿಲ್ಲ. ಹನ್ನೊಂದನೇ ಸೀಸನ್‌ಗೆ ತನ್ನ ಸಿದ್ಧಾಂತವನ್ನೆಲ್ಲ ತಾನೇ ಮರೆತಳು. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಪರ್‌ದೀಪ್ ನರ್ವಾಲ್‌ನನ್ನ ತಗೊಂಡಿತು. 2017ರಲ್ಲಿ ಪಟ್ನಾಗೆ ಆಡ್ತಾ ಒಂದೇ ಸೀಸನ್‌ಗೆ 369 ರೈಡ್ ಪಾಯಿಂಟ್ ತಂದಿದ್ದ ಆಸಾಮಿ. ಕೆಳಗೆ ಬಗ್ಗಿ ಹಿಡಿಯೋರ ಕೈಯಡಿಯಿಂದ ನುಸುಳಿ ಹೋಗೋ ಅವನ ಡುಬ್ಕಿ ನೋಡೋಕೆ ಅಮ್ಮ ಎದ್ದು ನಿಲ್ತಿದ್ದಳು. ಕಾರ್ನರ್ ಯಾರು, ಜೊತೆ ಯಾರು ಏನೂ ನೋಡದೆ ಬುಲ್ಸ್‌ಗೆ 1 ಹಾಕಿದಳು. ಕೆಂಪಿನಲ್ಲಿ ಬಿದ್ದಿದ್ದು 12. ಇಪ್ಪತ್ತೆರಡು ಮ್ಯಾಚು, ಎರಡು ಗೆಲುವು.

"ಆಸೆಗೂ ಅಂದಾಜಿಗೂ ಒಂದೇ ಪೆನ್ನು ಇಟ್ಕೊಂಡ್ರೆ ಹಿಂಗೇ," ಅಂತ ಅವಳೇ ಹೇಳಿಕೊಂಡು ಪುಸ್ತಕ ಮುಚ್ಚಿದಳು.

ಇದಾಗಿ ಎರಡು ಮೂರು ತಿಂಗಳಿಗೆ, 2025ರ ಮಾರ್ಚಿನಲ್ಲಿ, ನಮ್ಮ ಆಫೀಸಿನಲ್ಲಿ ಅಪ್ರೈಸಲ್ ಬಂತು. ನೀವು ನೋಡಿರ್ತೀರಿ ಆ ಶೀಟನ್ನ. ಒಂಬತ್ತು ಚೌಕ. ಒಂದು ಕಡೆ ಪರ್ಫಾರ್ಮೆನ್ಸ್, ಇನ್ನೊಂದು ಕಡೆ ಪೊಟೆನ್ಷಿಯಲ್. ಟೀಮಿನ ಒಬ್ಬೊಬ್ಬರನ್ನೂ ಒಂದೊಂದು ಚೌಕದೊಳಗೆ ಕೂರಿಸಬೇಕು. ಪರ್ಫಾರ್ಮೆನ್ಸ್ ಅಂದ್ರೆ ನಡೆದದ್ದು, ಅಮ್ಮನ ಲೆಕ್ಕದಲ್ಲಿ ಕೆಂಪು. ಪೊಟೆನ್ಷಿಯಲ್ ಅಂದ್ರೆ ಮುಂದೆ ನಡೆಯೋದು, ನೀಲಿ. ಇದು ನನಗೆ ಆಗ ಹೊಳೆದಿರಲಿಲ್ಲ. ಎರಡನ್ನೂ ಒಂದೇ ಮಧ್ಯಾಹ್ನ, ಒಂದೇ ಕಾಫಿ ಕುಡೀತಾ ತುಂಬಿದೆ.

ನನ್ನ ಟೀಮಿನಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ಸೇರಿ ಎರಡು ವರ್ಷವಾಗಿತ್ತು. ಸೇರಿದಾಗ ಯಾರಾದರೂ ಡೇಟಾ ಕ್ಲೀನಿಂಗ್ ಮಾಡಬೇಕಿತ್ತು, ಅವನಿಗೆ ಕೊಟ್ಟೆ. ರಾತ್ರಿ ಬರೋ ಸಪೋರ್ಟ್ ಟಿಕೆಟ್ ನೋಡಬೇಕಿತ್ತು, ಅದನ್ನೂ ಕೊಟ್ಟೆ. ತಕರಾರಿಲ್ಲದೆ ಮಾಡಿದ. ತಕರಾರಿಲ್ಲದೆ ಮಾಡೋರಿಗೆ ಅದೇ ಕೆಲಸ ಖಾಯಂ ಆಗುತ್ತೆ, ಗೊತ್ತಲ್ಲ. ಮೀಟಿಂಗಿನಲ್ಲಿ ಮಾತಾಡ್ತಿರಲಿಲ್ಲ. ಇಂಗ್ಲಿಷ್ ಸ್ವಲ್ಪ ತಡವರಿಸ್ತಿತ್ತು.

ಒಂದೇ ಒಂದು ಸಲ ಮಾತಾಡಿದ್ದ. 2024ರ ಹಬ್ಬದ ಫೋರ್‌ಕಾಸ್ಟ್ ತೋರಿಸ್ತಿದ್ದೆ. ಅವನು ಮ್ಯೂಟ್ ತೆಗೆದು, "ಮೇಡಂ, ಈ ಸಲ ಗಣಪ್ತಿ ಹತ್ತ್ ದಿನಕ್ಕಿಂತ ಜಾಸ್ತಿ ಮೊದ್ಲ ಬರ್ತದಲ್ರೀ. ಮಾಡೆಲ್ ಹೋದ ವರ್ಷದ ತಾರೀಖೇ ತಗೊಂಡದ" ಅಂದ. ಅವನ ಮನೆಯವರದು ಊರಲ್ಲಿ ಕಿರಾಣಿ ಅಂಗಡಿ. ಹಬ್ಬ ಹಿಂದೆ ಮುಂದೆ ಆದರೆ ಯಾವ ಮಾಲು ಯಾವಾಗ ತರಿಸಬೇಕು ಅನ್ನೋದು ಅವನಿಗೆ ಹುಟ್ಟಿನಿಂದ ಗೊತ್ತು. ಮೇಲಿನವರು ಕಾಲ್‌ನಲ್ಲಿದ್ದರು. ನಾನು "ಗುಡ್ ಪಾಯಿಂಟ್, ಆಫ್‌ಲೈನ್ ಮಾತಾಡೋಣ" ಅಂದೆ. ಮಾತಾಡಲಿಲ್ಲ. ಆಮೇಲೆ ಆ ವಾರದ ನಂಬರು ಕೈಕೊಟ್ಟಾಗ ನಾನೇ ತಾರೀಖು ಸರಿಮಾಡಿದೆ. ‘ಲೆಸನ್ಸ್ ಲರ್ನ್ಟ್’ ಸ್ಲೈಡಿನಲ್ಲಿ ಅವನ ಹೆಸರು ಹಾಕೋದು ನೆನಪಾಗಲಿಲ್ಲ.

ಮಾರ್ಚಿನ ಶೀಟಿನಲ್ಲಿ ಅವನನ್ನ ಕೂರಿಸಿದ್ದು ಕೆಳಗಿನ ಎಡ ಮೂಲೆಯ ಚೌಕದಲ್ಲಿ. ಪೊಟೆನ್ಷಿಯಲ್ ‘ಲೋ’. ಷರಾ: ‘ಇನಿಷಿಯೇಟಿವ್ ಕಡಿಮೆ’. ಮೇ ತಿಂಗಳಲ್ಲಿ ಕಂಪನಿ ಜನ ಕಡಿಮೆ ಮಾಡಿತು. ಆ ಚೌಕದಲ್ಲಿ ಇದ್ದವರನ್ನೇ ಮೊದಲು ಕರೆದರು. ಹೋಗೋ ದಿನ ಅವನು ನನ್ನ ಡೆಸ್ಕಿಗೆ ಬಂದು, "ಕಲಿಸಿದ್ದಕ್ಕ ಥ್ಯಾಂಕ್ಸ್ ಮೇಡಂ" ಅಂದ. ನಾನು ಏನು ಕಲಿಸಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ.

ಜೀವನ ಮುಂದುವರಿಯಿತು. ಆಗಸ್ಟಿನಲ್ಲಿ ಗಣೇಶನ ಹಬ್ಬ ಮುಗಿದು ಎರಡೇ ದಿನಕ್ಕೆ ಹನ್ನೆರಡನೇ ಸೀಸನ್ ಶುರು. ಈ ಸಲ ಅಮ್ಮನಿಗೆ ಸವಾಲು ಹಾಕೋಣ ಅಂತ ನಾನೂ ಒಂದು ಎಕ್ಸೆಲ್ ಮಾಡಿದೆ. ಹಿಂದಿನ ಸೀಸನ್‌ಗಳ ರೈಡ್ ಪಾಯಿಂಟು, ಟ್ಯಾಕಲ್ ಪಾಯಿಂಟು, ಪ್ರತಿ ಆಟಗಾರನದೂ ಹಾಕಿ, ಹೊಸ ತಂಡಗಳಿಗೆ ಕೂಡಿಸಿದೆ. ಬುಲ್ಸ್‌ಗೆ ಬಂದಿದ್ದು ಹನ್ನೊಂದನೇ ಸ್ಥಾನ. ಆಶ್ಚರ್ಯವೇನಿಲ್ಲ. ಹಿಂದಿನ ವರ್ಷ ಕೊನೆ, ತಂಡ ಪೂರ್ತಿ ಬದಲು. ಪರ್‌ದೀಪ್‌ನನ್ನ ಜೂನಿನಲ್ಲಿ ಮುಗಿದ ಹರಾಜಿನಲ್ಲಿ ಯಾರೂ ಕೊಳ್ಳದೆ ಅವನು ನಿವೃತ್ತಿಯನ್ನೇ ಘೋಷಿಸಿಬಿಟ್ಟಿದ್ದ. ಇದ್ದವರಲ್ಲಿ ಅರ್ಧ ಜನರ ಮುಂದೆ ನನ್ನ ಶೀಟಿನಲ್ಲಿ ಸೊನ್ನೆ, ಇಲ್ಲವೇ ಸೊನ್ನೆಯ ನೆಂಟ.

ಅಮ್ಮ ನೀಲಿ ಪೆನ್ನಿನಲ್ಲಿ 4 ಅಂತ ಬರೆದಳು.

"ಅಮ್ಮಾ, ಮತ್ತೆ ಆಸೆ ಪೆನ್ನು!" ಅಂದೆ.

"ಅಲ್ಲ ಕಣೇ. ಕೋಚ್ ನೋಡು. ಬಿ.ಸಿ. ರಮೇಶ್. ನಮ್ಮ ಕರ್ನಾಟಕದೋರು. ಏಳನೇ ಸೀಸನ್‌ನಲ್ಲಿ ಬೆಂಗಾಲ್ ಗೆಲ್ಲಿಸಿದ್ರು, ಹತ್ತನೇದ್ರಲ್ಲಿ ಪುಣೆ ಗೆಲ್ಲಿಸಿದ್ರು. ನಿನ್ನ ಲೆಕ್ಕದಲ್ಲಿ ಕೋಚ್‌ಗೆ ಎಷ್ಟು ಮಾರ್ಕ್ಸು?"

ನನ್ನ ಎಕ್ಸೆಲ್‌ನಲ್ಲಿ ಕೋಚ್ ಅನ್ನೋ ಕಾಲಮ್ಮೇ ಇರಲಿಲ್ಲ.

"ಮತ್ತೆ ಈ ಸೊನ್ನೆ ಇರೋರು," ಅಂತ ಅಮ್ಮ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ ಕೇಳಿದಳು, "ಆಡಿ ಸೊನ್ನೆ ತಗೊಂಡ್ರಾ, ಆಡಿಸದೆ ಸೊನ್ನೆನಾ?"

"ಎಕ್ಸೆಲ್‌ಗೆ ಎರಡೂ ಒಂದೇ ಅಮ್ಮ."

"ಹಂಗಾದ್ರೆ ಅದು ದಡ್ಡ ಎಕ್ಸೆಲ್ಲು."

ಮೊದಲ ಮ್ಯಾಚು ಪುಣೆ ಎದುರು ಸಮ ಆಗಿ, ಟೈಬ್ರೇಕರ್‌ನಲ್ಲಿ ಸೋತರು. ಈ ಸಲದಿಂದ ನಿಯಮ ಬದಲಾಗಿತ್ತು, ಟೈ ಅಂತ ಬಿಡೋ ಹಾಗಿಲ್ಲ. ಗೆದ್ದರೆ 2, ಸೋತರೆ ಸೊನ್ನೆ. ಚೆನ್ನಾಗಿ ಸೋತವರಿಗೆ ಸಿಗ್ತಿದ್ದ ಆ ಒಂದು ಪಾಯಿಂಟೂ ಹೋಯ್ತು. ಎರಡನೇ ಮ್ಯಾಚೂ ಸೋಲು, ಮೂರನೆಯದೂ ಸೋಲು. ನಾನು ಊಟದ ಹೊತ್ತಿಗೆ ಸರಿಯಾಗಿ ‘ಹನ್ನೊಂದು, ಹನ್ನೊಂದು’ ಅಂತ ಹಾಡ್ತಿದ್ದೆ. ನಾಲ್ಕನೆಯದು ಗೆದ್ದರು. ಅಲ್ಲಿಂದ ಆಟ ತಿರುಗಿತು. ಇರಾನಿನ ಅಲಿರೇಜಾ ಮಿರ್ಜಾಯಿಯನ್ ಒಂದು ಕಡೆ ಪಾಯಿಂಟ್ ತರ್ತಾ ಹೋದ. ಇನ್ನೊಂದು ಕಡೆ ಯೋಗೇಶ್ ಮತ್ತು ದೀಪಕ್ ಶಂಕರ್ ಜೋಡಿ ಹಿಡಿಯೋಕೆ ನಿಂತರು. ಲೀಗ್ ಮುಗಿಯೋ ಹೊತ್ತಿಗೆ ಬುಲ್ಸ್ ಮೂರನೇ ಸ್ಥಾನದಲ್ಲಿ ಪ್ಲೇ-ಆಫ್‌ಗೆ ಹೋಯಿತು. ಕಪ್ ಬರಲಿಲ್ಲ, ಅದು ಡೆಲ್ಲಿಗೆ ಹೋಯ್ತು. ಆದರೆ ಹಿಂದಿನ ವರ್ಷದ ಕೊನೆಯವರು ಈ ವರ್ಷ ಮೂರನೆಯವರು. ಅಮ್ಮ ಕೆಂಪಿನಲ್ಲಿ 3 ಬರೆದಳು. ಪಕ್ಕದಲ್ಲಿ ನನ್ನ 11ನ್ನೂ ನೀಲಿಯಲ್ಲಿ ದಪ್ಪವಾಗಿ ತಿದ್ದಿದಳು, ಮೊಮ್ಮಕ್ಕಳಿಗೂ ಕಾಣಲಿ ಅಂತ.

ಪ್ಲೇ-ಆಫ್‌ಗೆ ಮುಂಚೆ ದೀಪಾವಳಿ ಬಂದಿತ್ತು. ಹಬ್ಬದ ದಿನ ಬೆಳಿಗ್ಗೆ ಆ ಹುಡುಗನದೊಂದು ಮೆಸೇಜು. ‘ದೀಪಾವಳಿ ಹಬ್ಬದ ಶುಭಾಶಯಗಳು ಮೇಡಂ. ಊರಲ್ಲೇ ಇದ್ದೀನಿ.’ ಅಷ್ಟೇ. ಊರಲ್ಲಿ ಏನು ಮಾಡ್ತಿದ್ದಾನೆ, ಕೆಲಸ ಸಿಕ್ಕಿತಾ ಇಲ್ಲವಾ, ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಎರಡು ದೀಪದ ಇಮೋಜಿ ಹಾಕಿ ಕಳಿಸಿದೆ.

ಅವತ್ತು ರಾತ್ರಿ ಅಮ್ಮನಿಗೆ ಎಲ್ಲಾ ಹೇಳಿದೆ. ಗಣಪತಿ ತಾರೀಖಿನ ವಿಷಯವನ್ನೂ ಹೇಳಿದೆ. ಅಮ್ಮ ಹಣತೆಗೆ ಎಣ್ಣೆ ಹಾಕ್ತಾ ಕೇಳಿಸಿಕೊಂಡಳು. ಬೈತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬೇರೆ ಏನೋ ಹೇಳೋಕೆ ಶುರುಮಾಡಿದಳು.

ಅಮ್ಮನ ತವರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಅವಳು ಪಿಯುಸಿ ಓದುವಾಗ ಕಬಡ್ಡಿ ಆಡ್ತಿದ್ದಳು ಅಂತ ನಮಗೆಲ್ಲ ಗೊತ್ತಿತ್ತು. ‘ಆಡ್ತಿದ್ದೆ’ ಅಂತಷ್ಟೇ ಗೊತ್ತಿತ್ತು. 1984ರಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಳು ಅನ್ನೋದನ್ನ ಅವತ್ತೇ ಮೊದಲು ಕೇಳಿದ್ದು.

"ರೈಡರ್ ನಾನು. ದಾಳಿಗೆ ಹೋಗಿ ವಾಪಸ್ ಬರ್ತಿದ್ನಲ್ಲ, ಯಾರಿಗೂ ಸಿಕ್ತಿರಲಿಲ್ಲ. ಪಿ.ಟಿ. ಮೇಷ್ಟ್ರು ಮನೆಗೆ ಬಂದು ಅಪ್ಪನ್ನ ಕೇಳಿದ್ರು. ಅಪ್ಪ ಏನಂದ್ರು ಗೊತ್ತಾ? ‘ಮೇಷ್ಟ್ರೇ, ಹೆಣ್ಣುಮಗಳು ಕಬಡ್ಡಿ ಆಡಿ ಏನಾಯ್ತಾಳೆ? ಏನೂ ಆಗಕಿಲ್ಲ’ ಅಂದ್ರು. ಆಡಕ್ಕೆ ಕಳಿಸ್ಲಿಲ್ಲ. ಎರಡು ವರ್ಷಕ್ಕೆ ಮದ್ವೆ ಆಯ್ತು. ನೋಡು, ಅಪ್ಪ ಹೇಳಿದ ಹಂಗೇ ಆಯ್ತು. ನಾನು ಕಬಡ್ಡಿಯಲ್ಲಿ ಏನೂ ಆಗ್ಲಿಲ್ಲ. ಅಷ್ಟು ಕರೆಕ್ಟಾಗಿ ಭವಿಷ್ಯ ಹೇಳಿದೋರನ್ನ ನಾನು ಇನ್ನೊಬ್ರನ್ನ ನೋಡಿಲ್ಲ."

ನಗ್ತಾನೇ ಹೇಳಿದಳು. ನನಗೆ ನಗೋಕೆ ಆಗಲಿಲ್ಲ.

2016ರಲ್ಲಿ ನಾಲ್ಕನೇ ಸೀಸನ್ ಜೊತೆಗೆ ಮೂರು ತಂಡಗಳ ಹೆಂಗಸರ ಕಬಡ್ಡಿ ಇಟ್ಟಿದ್ದರು, ನೆನಪಿದೆಯಾ? ಒಂದು ತಂಡಕ್ಕೆ ನಮ್ಮ ತೇಜಸ್ವಿನಿ ಬಾಯಿ ನಾಯಕಿ, ಇನ್ನೊಂದಕ್ಕೆ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಆಗ ಅಮ್ಮ ಒಂದು ಮ್ಯಾಚನ್ನೂ ತಪ್ಪಿಸಲಿಲ್ಲ. ಪುಸ್ತಕದಲ್ಲಿ ಮಾತ್ರ ಭವಿಷ್ಯ ಬರೆದಿರಲಿಲ್ಲ. ಮೂರು ತಂಡದ ಹೆಸರು ಬರೆದು, ನೀಲಿ ಕಾಲಮ್ಮನ್ನ ಖಾಲಿ ಬಿಟ್ಟಿದ್ದಳು. ಬರೆಯೋದು ಮರೆತಿದ್ದಾಳೆ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಮಲಗಿದಾಗ ಯೋಚನೆ ಮಾಡಿದೆ. ಅಮ್ಮನೂ ತಪ್ಪುತ್ತಾಳೆ, ನಾನೂ ತಪ್ಪುತ್ತೀನಿ. ಆದರೆ ಅಮ್ಮ ಬುಲ್ಸ್ ಹನ್ನೆರಡನೆಯದು ಅಂತ ಬರೆದರೆ ಬುಲ್ಸ್‌ಗೆ ಏನೂ ಆಗೋದಿಲ್ಲ. ಅವರು ಬಂದು ಆಡಿ ಮೂರನೆಯವರಾಗಿ ಅವಳ ಮುಖಕ್ಕೆ ಹೊಡೆದ ಹಾಗೆ ಹೋಗಬಹುದು. ಆ ಪುಸ್ತಕ ಯಾರ ಕಾಲನ್ನೂ ಕಟ್ಟೋದಿಲ್ಲ. ಅದಕ್ಕೇ ಅದರಲ್ಲಿ ಕೆಂಪು ಇಂಕಿಗೆ ಜಾಗ ಇದೆ. ನನ್ನ ಶೀಟ್ ಹಾಗಲ್ಲ. ತಾತ ಹೇಳಿದ ಭವಿಷ್ಯದ ಹಾಗೆ ಅದು. ‘ಲೋ’ ಅಂತ ಬರೆದ ಕೈಯೇ ಆಡಿಸಬೇಕಾ ಬೇಡವಾ ಅಂತಲೂ ತೀರ್ಮಾನ ಮಾಡುತ್ತೆ. ಆಡಿಸದೆ ಇದ್ದ ಮೇಲೆ ಭವಿಷ್ಯ ಸುಳ್ಳಾಗೋದು ಹೇಗೆ? ನನ್ನ ಪೊಟೆನ್ಷಿಯಲ್ ಕಾಲಮ್ಮಿನಲ್ಲಿ ಇಷ್ಟು ವರ್ಷ ಒಂದೂ ತಪ್ಪಿಲ್ಲ ಅಂತ ನಾನು ಒಳಗೊಳಗೇ ಹೆಮ್ಮೆ ಪಡ್ತಿದ್ದೆ. ತಪ್ಪೋಕೆ ಯಾರಿಗೂ ಅವಕಾಶ ಕೊಟ್ಟಿರಲಿಲ್ಲ, ಅಷ್ಟೇ.

ಆ ಹುಡುಗನಿಗೆ ಒಳ್ಳೇ ಕೆಲಸ ಕೊಟ್ಟಿದ್ದರೆ ಪವನ್ ಸೆಹ್ರಾವತ್ ಆಗ್ತಿದ್ದ ಅಂತ ನಾನು ಹೇಳೋದಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಪವನ್ ಅಲ್ಲ. ಎಷ್ಟೋ ಜನ ಆಡಿಸಿದ ಮೇಲೂ ಸೊನ್ನೆಯೇ ತರ್ತಾರೆ. ಅವನೂ ಹಾಗೇ ಆಗಬಹುದಿತ್ತು. ನನ್ನನ್ನ ಕೊರೆಯೋದು ಅದಲ್ಲ. ಎರಡರಲ್ಲಿ ಯಾವುದು ಅಂತ ನನಗೆ ಗೊತ್ತಾಗೋದೇ ಇಲ್ಲ. ಅವನ ಹೆಸರಿನ ಮುಂದೆ ಕೆಂಪಿನಲ್ಲಿ ಬರೆಯೋಕೆ ನನ್ನ ಹತ್ತಿರ ಏನೂ ಇಲ್ಲ.

ಈ ವರ್ಷದ ಶೀಟು ಹೋದ ವಾರ ಬಂತು. ಅದೇ ಒಂಬತ್ತು ಚೌಕ. ಈಗ ಅವನ ಜಾಗದಲ್ಲಿ ಇನ್ನೊಬ್ಬಳಿದ್ದಾಳೆ, ಸೇರಿ ಹನ್ನೊಂದು ತಿಂಗಳು. ಡೇಟಾ ಕ್ಲೀನಿಂಗ್, ರಾತ್ರಿ ಟಿಕೆಟ್. ಮೀಟಿಂಗಿನಲ್ಲಿ ಮಾತಾಡೋದಿಲ್ಲ. ಅವಳಿಗೆ ಆ ಕೆಲಸ ಕೊಟ್ಟಿದ್ದು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

ಕೆಳಗಿನ ಎಡ ಮೂಲೆಯ ಚೌಕದ ಮೇಲೆ ಕರ್ಸರ್ ತುಂಬಾ ಹೊತ್ತು ಮಿಣುಕ್ತಾ ಇತ್ತು. ಪೊಟೆನ್ಷಿಯಲ್‌ಗೆ ಡ್ರಾಪ್‌ಡೌನ್‌ನಲ್ಲಿ ಮೂರೇ ಆಯ್ಕೆ: ಹೈ, ಮೀಡಿಯಂ, ಲೋ. ನನಗೆ ಬೇಕಾಗಿದ್ದು ನಾಲ್ಕನೆಯದು. ಅದಿಲ್ಲ. ಖಾಲಿ ಬಿಟ್ಟರೆ ಶೀಟ್ ಸೇವ್ ಆಗೋದಿಲ್ಲ, ಕೆಂಪು ಬಾರ್ಡರ್ ತೋರಿಸುತ್ತೆ. ಕೊನೆಗೆ ಮೀಡಿಯಂ ಹಾಕಿ, ಷರಾದಲ್ಲಿ ಹೀಗೆ ಬರೆದೆ: ‘ಇನ್ನೂ ಆಡಿಸಿ ನೋಡಿಲ್ಲ. ತಪ್ಪು ನನ್ನದು. ಹಬ್ಬದ ಫೋರ್‌ಕಾಸ್ಟ್ ಈ ಸಲ ಇವಳದು. ಅಕ್ಟೋಬರ್‌ನಲ್ಲಿ ಕೇಳಿ, ಹೇಳ್ತೀನಿ.’ ಇಂಗ್ಲಿಷಿನಲ್ಲೇ ಬರೆದದ್ದು, ಅರ್ಥ ಇಷ್ಟೇ.

ನನ್ನ ಮ್ಯಾನೇಜರ್ ಫೋನ್ ಮಾಡಿದರು. "ಇದೇನು, ಅಪ್ರೈಸಲ್ಲಾ ಕನ್ಫೆಷನ್ನಾ?" ಅಂದರು. ಟೀಮಿಗೊಬ್ಬರು ಕೆಳಗಿನ ಚೌಕದಲ್ಲಿ ಇರಲೇಬೇಕು, ಯಾರನ್ನ ಹಾಕ್ತೀರಿ ಅಂತ ಕೇಳಿದರು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೀನಿ. ಸೋಮವಾರದ ತನಕ ಟೈಮ್ ಇದೆ. ಏನು ಹೇಳಬೇಕು ಅಂತ ಇನ್ನೂ ಹೊಳೆದಿಲ್ಲ. ನಿಮಗೆ ಹೊಳೆದರೆ ತಿಳಿಸಿ.

ಅಮ್ಮ ಮಾತ್ರ ಹದಿಮೂರನೇ ಸೀಸನ್‌ಗೆ ಪುಟ ತೆಗೆದು ಗೆರೆ ಹಾಕಿ ಇಟ್ಟಿದ್ದಾಳೆ. ಹನ್ನೆರಡು ತಂಡ, ನೀಲಿ ಕಾಲಮ್ಮು, ಕೆಂಪು ಕಾಲಮ್ಮು. ಈ ಸಲ ನೀಲಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಕಾಲಮ್ಮು ಸೇರಿಸಿದ್ದಾಳೆ. ತಲೆಬರಹ: ‘ಹೋದ ಸಲ ಹೊರಗೆ ಕೂತೋರು’.

"ಇದು ಯಾಕಮ್ಮ?" ಅಂದೆ.

"ಸುಮ್ನೆ. ಹೆಸರು ಬರ್ಕೊಂಡಿರೋಣ ಅಂತ," ಅಂದಳು. "ಹುರುಳೀಕಾಯಿ ಈ ಕಡೆ ಕೊಡು, ಹೈಲೈಟ್ಸ್ ಶುರುವಾಯ್ತು."